ಎಲೆಯ ತುದಿಯ ನೂಲು

ಲ್ಯಾಬ್ ಹುಡುಗಿ ಊರು ಬಿಟ್ಟು ಹೋದ ಮೇಲೆ ಅವಳ ಗಿಡ ಒಂದೇ ಒಂದು ಹೂಜಿ ಬಿಡಲಿಲ್ಲ. ಎಲೆಗೇನೂ ಕೊರತೆಯಿರಲಿಲ್ಲ. ಅಂಗೈ ಅಗಲದ ಹೊಳೆಯುವ ಎಲೆಗಳು ಒಂದರ ಮೇಲೊಂದು ಬಂದವು, ಕಾಂಡ ಕಿಟಕಿಯ ಸರಳು ಹಿಡಿದು ಮೇಲೇರಿತು. ನೋಡಿದವರು ಗಿಡಕ್ಕೆ ಕಾಯಿಲೆ ಎನ್ನುವ ಹಾಗೇ ಇರಲಿಲ್ಲ. ಹೂಜಿ ಮಾತ್ರ ಇಲ್ಲ. ಹುಳ ಹಿಡಿಯುವ ಹೂಜಿ ಗಿಡದಲ್ಲಿ ಹೂಜಿಯೇ ಇಲ್ಲವೆಂದರೆ ಜೇಬಿಲ್ಲದ ಕೋಟಿನ ಹಾಗೆ, ತೊಟ್ಟುಕೊಳ್ಳಬಹುದು, ಕೈ ಎಲ್ಲಿಡುವುದೋ ತಿಳಿಯುವುದಿಲ್ಲ ಎಂದು ಟೈಲರಮ್ಮ ಅಂದುಕೊಂಡಳು.

ಬೀದಿಯವರಿಗೆಲ್ಲ ಅವಳು ಟೈಲರಮ್ಮ. ಇಸ್ತ್ರಿ ಅಂಗಡಿಯ ಮೇಲೆ ಎರಡು ಕೋಣೆಯ ಮನೆ. ಮುಂದಿನ ಕೋಣೆಗೆ ದೊಡ್ಡ ಕಿಟಕಿ, ಕಿಟಕಿಗೆ ಒತ್ತಿಕೊಂಡೇ ಹೊಲಿಗೆ ಮಿಷಿನ್. ಶಾಲೆಯ ಯೂನಿಫಾರ್ಮ್ ಹೊಲಿಯುವುದು, ಪ್ಯಾಂಟಿನ ಉದ್ದ ಇಳಿಸುವುದು, ಕೆಟ್ಟ ಜಿಪ್ಪು ಬದಲಿಸುವುದು, ಪರದೆಗೆ ಅಂಚು ಹಾಕುವುದು ಎಲ್ಲ ಅಲ್ಲೇ. ಗಂಡ ಇದ್ದಾಗ ಎರಡು ಮಿಷಿನ್ ಓಡುತ್ತಿದ್ದವು, ಒಂದರ ಸದ್ದಿಗೆ ಇನ್ನೊಂದು ಉತ್ತರ ಕೊಟ್ಟ ಹಾಗೆ. ಈಗ ಒಂದಕ್ಕೆ ಹಳೆಯ ಬೆಡ್‌ಶೀಟು ಹೊದಿಸಿದೆ, ಅದರ ಮೇಲೆ ಇಸ್ತ್ರಿಗೆ ಹೋಗಬೇಕಾದ ಬಟ್ಟೆಯ ರಾಶಿ.

ಅವಳ ಕೈಗೊಂದು ಚಟವಿತ್ತು. ನೂಲು ಕತ್ತರಿಸುವ ಚಿಕ್ಕ ಕತ್ತರಿಯನ್ನು ಲಾಡಿಗೆ ಕಟ್ಟಿ ಕೊರಳಿಗೆ ಹಾಕಿಕೊಂಡಿರುತ್ತಿದ್ದಳು. ಎಲ್ಲಿ ನೂಲು ಜೋತುಬಿದ್ದದ್ದು ಕಂಡರೂ ಕೈ ತಾನಾಗಿ ಅಲ್ಲಿಗೆ ಹೋಗುತ್ತಿತ್ತು. ತಲೆ ಬೇರೇನನ್ನೋ ಯೋಚಿಸುತ್ತಿರುವಾಗಲೇ ಕೈ ತನ್ನ ಕೆಲಸ ಮುಗಿಸಿ ಮಡಿಲಿಗೆ ವಾಪಸು ಬಂದಿರುತ್ತಿತ್ತು. ಒಮ್ಮೆ ಬಸ್ಸಿನಲ್ಲಿ ಮುಂದಿನ ಸೀಟಿನವನ ಕಾಲರಿನಿಂದ ಇಳಿಬಿದ್ದ ನೂಲನ್ನು ಕಚಕ್ಕೆಂದು ಕತ್ತರಿಸಿಬಿಟ್ಟಿದ್ದಳು. ಅವನು ಕತ್ತು ಹಿಡಿದುಕೊಂಡು ಎದ್ದುನಿಂತ. "ಏನಿಲ್ಲ, ಕೂತ್ಕೊಳ್ಳಿ. ಈಗ ನೀಟಾಗಿದೆ," ಎಂದಿದ್ದಳು. ಕತ್ತರಿಸಿದ್ದನ್ನು ಎಸೆಯುವವಳೂ ಅಲ್ಲ. ಮಿಷಿನ್ ಪಕ್ಕದಲ್ಲೊಂದು ಹಳೆಯ ಬಿಸ್ಕತ್ತಿನ ಡಬ್ಬಿ, ನೂಲೆಲ್ಲ ಅದರೊಳಗೆ. ತುಂಬಿದಾಗ ಸೂಜಿ ಚುಚ್ಚಿಡುವ ದಿಂಬೋ, ಯಾರದೋ ಮಗುವಿನ ಗೊಂಬೆಯ ಹೊಟ್ಟೆಯೋ ಆಗುತ್ತಿತ್ತು.

ಲ್ಯಾಬ್ ಹುಡುಗಿ ಬಾಡಿಗೆಗೆ ಬಂದದ್ದು ಹಿಂದಿನ ಕೋಣೆಗೆ. ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಅವಳಿಗೆ ಕೆಲಸ. ಕೋಣೆ ನೋಡಲು ಬಂದ ದಿನ ನಲ್ಲಿ ತಿರುಗಿಸಿ ನೋಡಲಿಲ್ಲ, ಚಿಲಕ ಅಲ್ಲಾಡಿಸಿ ನೋಡಲಿಲ್ಲ. ನೆಟ್ಟಗೆ ಕಿಟಕಿಯ ಹತ್ತಿರ ಹೋಗಿ ಕೈ ಹೊರಗೆ ಚಾಚಿದಳು.

"ಬಿಸಿಲು ಎಷ್ಟು ಹೊತ್ತಿರುತ್ತೆ ಆಂಟಿ?"

"ಬಟ್ಟೆ ಒಣಗೋಷ್ಟು ಇರುತ್ತೆ."

"ಬಟ್ಟೆಗಲ್ಲ, ನನ್ನ ಗಿಡಕ್ಕೆ. ಬೆಳಕು ಬೇಕು, ಉರಿಬಿಸಿಲು ಆಗಲ್ಲ. ಇರುವೆ, ನೊಣ ತಿನ್ನೋ ಗಿಡ ಅದು."

"ಮಾಂಸ ತಿನ್ನೋ ಗಿಡಾನಾ? ನನ್ನ ಮನೇಲಿ ಬೇಡ ಕಣಮ್ಮ. ಇವತ್ತು ಇರುವೆ ಅನ್ನುತ್ತೆ, ನಾಳೆ ನನ್ನ ಬೆರಳು."

"ನಿಮ್ಮ ಬೆರಳು ಸೂಜಿ ಚುಚ್ಚಿಸಿಕೊಂಡು ಕಲ್ಲಾಗಿದೆ ಆಂಟಿ. ಅದಕ್ಕೆ ಜೀರ್ಣ ಆಗಲ್ಲ."

ಆ ಮಾತಿಗೆ ನಕ್ಕದ್ದೇ ತಪ್ಪಾಯಿತು. ನಗು ಮುಗಿಯುವಷ್ಟರಲ್ಲಿ ಕೋಣೆ ಕೊಟ್ಟಾಗಿತ್ತು.

ಗಿಡ ಆಗ ಗೇಣುದ್ದ ಇತ್ತು. ಹುಡುಗಿಯ ಜೊತೆ ಕೆಲಸ ಮಾಡುತ್ತಿದ್ದ ಹಿರಿಯಳೊಬ್ಬಳು ತನ್ನ ಮನೆಯ ಗಿಡದಿಂದ ಒಂದು ತುಂಡು ಕತ್ತರಿಸಿ ಕೊಟ್ಟಿದ್ದಳಂತೆ, ಒದ್ದೆ ಪಾಚಿಯಲ್ಲಿಟ್ಟು ಬೇರು ಬರಿಸಿದ್ದು. ಬಿಸಿ ಸೀಮೆಯ ಮಳೆಕಾಡಿನ ಜಾತಿ. ಅಲ್ಲಿನ ಮಣ್ಣಿನಲ್ಲಿ ಸತ್ವವಿಲ್ಲ, ಹಾಗಾಗಿ ತನ್ನ ಊಟ ತಾನೇ ಹಿಡಿದುಕೊಳ್ಳುವುದನ್ನು ಕಲಿತಿದೆ. ಬೆರಳುದ್ದದ ಹೂಜಿಗಳು, ಹೊಟ್ಟೆ ಹಸಿರು, ಬಾಯಿಯ ಅಂಚು ಕೆಂಪು, ಮೇಲೊಂದು ಪುಟ್ಟ ಮುಚ್ಚಳ, ಒಳಗೆ ಸ್ವಲ್ಪ ನೀರು. ಅಂಚಿನ ಸಿಹಿಗೆ ಬಂದ ಇರುವೆ ಜಾರಿ ಒಳಗೆ ಬಿದ್ದರೆ ಮುಗಿಯಿತು.

ಸಂಜೆ ಹುಡುಗಿ ಬಂದು ಕೈಕಾಲು ತೊಳೆದು, ಎರಡು ಲೋಟ ಟೀ ಮಾಡಿ, ತನ್ನ ಕಿಟಕಿಯ ಹತ್ತಿರ ನಿಂತು ಟಾರ್ಚು ಬಿಟ್ಟು ಹೂಜಿಗಳೊಳಗೆ ಇಣುಕುತ್ತಿದ್ದಳು. ಟೈಲರಮ್ಮ ಈ ಕೋಣೆಯಿಂದಲೇ ಕೂಗುತ್ತಿದ್ದಳು, "ಇವತ್ತಿನ ರಿಪೋರ್ಟ್ ಏನಮ್ಮ?"

"ಒಂದು ನೊಣ, ಮಿಕ್ಕಿದ್ದೆಲ್ಲ ಇರುವೆ. ಹಸಿವು ನಾರ್ಮಲ್."

ದಿನಾ ಅದೇ ಪ್ರಶ್ನೆ, ಹೆಚ್ಚುಕಡಿಮೆ ಅದೇ ಉತ್ತರ. ಟೈಲರಮ್ಮ ಗಿಡದ ಹತ್ತಿರ ಹೋಗಿ ನೋಡಿದ್ದೇ ಕಡಿಮೆ. ಅವಳಿಗೆ ಬೇಕಿದ್ದದ್ದು ಆ ಕೋಣೆಯಿಂದ ಬರುವ ದನಿ.

ಕೆಲವು ವರ್ಷ ಹೀಗೇ ನಡೆಯಿತು. ಆಮೇಲೆ ಹುಡುಗಿಗೆ ಬೇರೆ ಊರಿನ ದೊಡ್ಡ ಲ್ಯಾಬಿನಲ್ಲಿ ಕೆಲಸವಾಯಿತು. ಅಲ್ಲಿ ಸದ್ಯಕ್ಕೆ ಹಾಸ್ಟೆಲು, ಹಾಸ್ಟೆಲಿನ ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಗೋಡೆ.

"ಬೆಳಕಿರೋ ಮನೆ ಸಿಕ್ಕ ತಕ್ಷಣ ಬಂದು ತಗೊಂಡು ಹೋಗ್ತೀನಿ ಆಂಟಿ. ಅಲ್ಲೀತನಕ ನೋಡ್ಕೊಳ್ಳಿ. ನಲ್ಲಿ ನೀರು ಬೇಡವೇ ಬೇಡ, ಅದರ ಉಪ್ಪಿಗೆ ಬೇರು ಸುಟ್ಟುಹೋಗುತ್ತೆ. ಮಳೆ ನೀರು, ಇಲ್ಲಾಂದ್ರೆ ಡಿಸ್ಟಿಲ್ಡ್ ವಾಟರ್. ಗೊಬ್ಬರ ಹಾಕ್ಬೇಡಿ. ಒಣಗಿದ್ದು ಕಂಡ್ರೆ ಕತ್ತರಿಸಿ ಹಾಕಿ. ಅದನ್ನ ನಿಮಗೆ ಹೇಳ್ಕೊಡ್ಬೇಕಾ?"

"ಬೇಡ ಹೋಗು."

"ಹೊಸ ಹೂಜಿ ಬಂದ್ರೆ ಫೋನ್ ಮಾಡಿ."

ಮರುದಿನವೇ ಟೈಲರಮ್ಮ ಗಿಡವನ್ನು ಎತ್ತಿ ತಂದು ತನ್ನ ಮಿಷಿನ್ನಿನ ಎದುರು, ಕಿಟಕಿಕಟ್ಟೆಯ ಮೇಲೆ ಇಟ್ಟಳು. ಹಿಂದಿನ ಕೋಣೆಯ ಬಾಗಿಲು ಎಳೆದುಕೊಂಡಳು. ಬಾಡಿಗೆಗೆ ಕೇಳಿಕೊಂಡು ಬಂದವರಿಗೆ ಗೋಡೆ ತೇವ ಹಿಡಿದಿದೆ, ರಿಪೇರಿ ಮಾಡಿಸಬೇಕು ಎಂದು ಹೇಳಿ ಕಳಿಸಿದಳು.

ಕೆಳಗಿನ ಇಸ್ತ್ರಿಯಣ್ಣ ಬಟ್ಟೆ ಒಯ್ಯಲು ಬಂದವನು ಗಿಡ ನೋಡಿದ. "ಇದೇನಕ್ಕ, ಇದಕ್ಕೂ ಹೊಲಿಗೆ ಕಲಿಸ್ತೀರಾ?"

"ಹಿಂದಿನ ಕೋಣೇಲಿ ಬೆಳಕು ಸಾಲದು."

"ಇಷ್ಟು ವರ್ಷ ಸಾಲ್ತಿತ್ತಲ್ಲ."

"ಆಗ ಚಿಕ್ಕದಿತ್ತು. ನಿನ್ನ ಬಟ್ಟೆ ನೀನು ಎಣಿಸ್ಕೋ."

ಹುಡುಗಿ ಭಾನುವಾರ ಮಧ್ಯಾಹ್ನ ಫೋನ್ ಮಾಡುತ್ತಿದ್ದಳು. ಊಟ ಆಯ್ತಾ, ಮೊಣಕಾಲು ನೋವು ಹೇಗಿದೆ, ಹೊಸ ಲ್ಯಾಬಿನ ಮೇಡಂ ಎಷ್ಟು ಜೋರು, ಎಲ್ಲ ಆದ ಮೇಲೆ, "ಹೂಜಿ ಬಂತಾ ಆಂಟಿ?"

ಮೊದಲ ಸಲ ಕೇಳಿದಾಗ ಟೈಲರಮ್ಮ ತಿರುಗಿ ಗಿಡದ ಕಡೆ ನೋಡಿದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಬರ್ತಾ ಇದೆ," ಎಂದಳು. ಬರುತ್ತದೆ ಎಂದೇ ನಂಬಿ ಹೇಳಿದ್ದು. ಮುಂದಿನ ಭಾನುವಾರವೂ ಅದನ್ನೇ ಹೇಳಿದಳು, ಅದರ ಮುಂದಿನ ವಾರವೂ. ಆಮೇಲೆ ಆ ಮಾತು ಬಾಯಿಗೆ ಬರುವ ಮುಂಚೆ ಆ ಸ್ವಲ್ಪ ಹೊತ್ತು ತಾನಾಗಿ ಬರತೊಡಗಿತು. ಅದಾದ ಕೂಡಲೇ ಅವಳೇ, "ಸರಿ ಕಣೆ, ನಿಂಗೆ ಕೆಲಸ ಇರುತ್ತೆ, ಇಡ್ಲಾ?" ಎಂದುಬಿಡುತ್ತಿದ್ದಳು. ಎಂದೂ ಹುಡುಗಿ ಮೊದಲು ಫೋನ್ ಇಟ್ಟದ್ದಿಲ್ಲ. ಯಾರೋ ಇಡುವ ಮುಂಚೆ ತಾನೇ ಇಟ್ಟರೆ ಮನಸ್ಸಿಗೆ ಅಷ್ಟು ತಾಗುವುದಿಲ್ಲ ಎಂಬುದು ಟೈಲರಮ್ಮನ ಲೆಕ್ಕ.

ಇನ್ನೊಂದು ಲೆಕ್ಕವೂ ಇತ್ತು. ಗಿಡ ಸತ್ತರೆ ಹುಡುಗಿ ಇಲ್ಲಿಗೆ ಬರಲು ಕಾರಣವೇ ಉಳಿಯುವುದಿಲ್ಲ. ಗಿಡ ಚೆನ್ನಾಗಾದರೆ ಒಂದು ಸಲ ಬರುತ್ತಾಳೆ, ಎತ್ತಿಕೊಂಡು ಹೋಗುತ್ತಾಳೆ, ಅಲ್ಲಿಗೆ ಅದೂ ಮುಗಿಯಿತು. ಎರಡರಲ್ಲಿ ಒಂದನ್ನು ಆರಿಸಿಕೋ ಎಂದರೆ ಬರುವ ಆ ಒಂದು ಸಲವೇ ಇರಲಿ. ಟೈಲರಮ್ಮ ಬಟ್ಟೆ ಎಷ್ಟಿದೆಯೋ ಅಷ್ಟರಲ್ಲೇ ಅಂಗಿ ಹೊಲಿದು ಬದುಕಿದವಳು. ಗಿಡವನ್ನು ಚೆನ್ನಾಗಿ ಮಾಡಬೇಕೆಂದು ಪಟ್ಟು ಹಿಡಿದಳು.

ಹುಡುಗಿ ಲ್ಯಾಬಿನಿಂದ ತಂದಿಟ್ಟಿದ್ದ ನೀರು ಮುಗಿದಾಗ ಬ್ಯಾಟರಿ ಅಂಗಡಿಗೆ ಹೋದಳು. ಅಂಗಡಿಯವನು ಡಿಸ್ಟಿಲ್ಡ್ ವಾಟರಿನ ಕ್ಯಾನು ಕೊಡುತ್ತ, "ಯಾವ ಗಾಡಿ ಅಮ್ಮ?" ಎಂದು ಕೇಳಿದ.

"ಗಾಡಿಯಲ್ಲ. ಗಿಡ."

"ಗಿಡಕ್ಕೆ ಬ್ಯಾಟರಿ ಹಾಕಿಸಿದ್ದೀರಾ?"

"ಹೂಂ, ಬೆಳಿಗ್ಗೆ ಸ್ಟಾರ್ಟ್ ಆಗ್ತಾ ಇಲ್ಲ," ಎಂದು ಹೇಳಿ ಕ್ಯಾನು ಎತ್ತಿಕೊಂಡು ಬಂದಳು.

ಮಳೆ ಬಂದ ದಿನ ಕಿಟಕಿಯಾಚೆ ಬಕೆಟ್ ತೂಗುಹಾಕಿದಳು. ಗಾಳಿ ಒಣಗಿದ್ದರೆ ಹೂಜಿ ಬಿಡುವುದಿಲ್ಲ ಎಂದು ಹುಡುಗಿ ಯಾವಾಗಲೋ ಹೇಳಿದ್ದು ನೆನಪಾಗಿ, ಗಿಡದ ಎರಡೂ ಕಡೆ ಒದ್ದೆ ಟವೆಲ್ ಇಳಿಬಿಟ್ಟಳು. ಇಸ್ತ್ರಿಯಣ್ಣ ತನ್ನ ಅಂಗಡಿಯ ಕಿಟಕಿ ತೆರೆದಿಟ್ಟು ಹಬೆ ಮೇಲಕ್ಕೆ ಬಿಡುವ ಏರ್ಪಾಡು ಮಾಡಿದ. ಗಿಡಕ್ಕೆ ಹೋಗಬೇಕಾದ ಹಬೆ ಪಕ್ಕದ ಮನೆಯ ಅಡುಗೆಮನೆಗೆ ಹೋಗಿ, ಆ ಮನೆಯಾಕೆ ಇಳಿದು ಬಂದು ಅವನಿಗೆ ಬೈದು ಹೋದಳು.

ಹಳೆಯ ಹೂಜಿಗಳು ಮಾತ್ರ ಒಂದೊಂದೇ ಕಂದು ಬಣ್ಣಕ್ಕೆ ತಿರುಗಿದವು. ಒಣಗಿದ್ದನ್ನು ಹೇಳಿದ ಹಾಗೆ ಕತ್ತರಿಸಿ ಹಾಕಿದಳು. ಕಡೆಯದು ಒಣಗಿದ ದಿನ ಇಸ್ತ್ರಿಯಣ್ಣ ಬಂದವನು ಗಿಡವನ್ನು ಮೇಲಿಂದ ಕೆಳಗೆ ನೋಡಿ, "ನಿಮ್ಮ ಮುಂದೆ ಬಾಯಿ ಬಿಡೋಕೆ ಹೆದರ್ತದೆ ಅಕ್ಕ," ಎಂದ. ಅವಳು ನಗಲಿಲ್ಲ. ಅವನು ಬಟ್ಟೆ ಎತ್ತಿಕೊಂಡು ಸದ್ದಿಲ್ಲದೆ ಇಳಿದುಹೋದ.

ಹೀಗಿರುವಾಗ ಒಂದು ಭಾನುವಾರ ಹುಡುಗಿ ಹೂಜಿಯ ವಿಚಾರ ಕೇಳುವ ಮೊದಲೇ ಹೇಳಿದಳು. "ಮನೆ ಸಿಕ್ತು ಆಂಟಿ. ದೊಡ್ಡ ಕಿಟಕಿ. ಈಗಿರೋರು ಖಾಲಿ ಮಾಡೋಕೆ ಇನ್ನೂ ಟೈಮ್ ಇದೆ. ಆಮೇಲೆ ಒಂದ್ಸಲ ಆ ಕಡೆ ಬರ್ತೀನಿ."

ಅವತ್ತು ಟೈಲರಮ್ಮ ಮಿಷಿನ್ ಮುಂದೆ ಸುಮ್ಮನೆ ಕೂತಳು. ಹೊಸ ಮನೆಗೆ ಹೋಗುವವಳ ಕೈಗೆ ಏನಾದರೂ ಕೊಡಬೇಕು. ದೂರದ ಬಸ್ಸು, ಕತ್ತಿನ ಹಿಂದೆ ಇಟ್ಟುಕೊಳ್ಳುವ ಹಾಗೆ ಒಂದು ಪುಟ್ಟ ದಿಂಬು ಹೊಲಿಯೋಣ ಎಂದುಕೊಂಡಳು. ನೀಲಿ ಪರದೆಯ ತುಂಡೊಂದು ಉಳಿದಿತ್ತು. ಚೀಲದ ಹಾಗೆ ಹೊಲಿದು, ಒಂದು ಬದಿ ಬಿಟ್ಟು, ಒಳಗೆ ತುಂಬಲು ನೂಲಿನ ಡಬ್ಬಿಯನ್ನು ಪೇಪರಿನ ಮೇಲೆ ಸುರಿದಳು.

ಬಣ್ಣಬಣ್ಣದ ನೂಲು, ಹತ್ತಿಯಷ್ಟು ಮೆತ್ತಗೆ. ನಡುವೆ ಮುರಿದ ಸೂಜಿ ಇದ್ದರೆ ಹುಡುಗಿಯ ಕತ್ತಿಗೆ ಚುಚ್ಚೀತು ಎಂದು ಬೆರಳಿನಿಂದ ಹಿಂಜಿ ಹಿಂಜಿ ನೋಡಿದಳು. ಏನೋ ಚುಚ್ಚಿತು. ಸೂಜಿಯಲ್ಲ. ಒಣಗಿ ಕಪ್ಪಾದ ಗಟ್ಟಿ ನೂಲು, ಯಾವ ಉಂಡೆಯ ನೂಲೂ ಹಾಗಿರುವುದಿಲ್ಲ. ಅದರ ಒಂದು ತುದಿಯಲ್ಲಿ ಅಕ್ಕಿಕಾಳಿನಷ್ಟು ಗಂಟು. ಕನ್ನಡಕ ಏರಿಸಿ ಬೆಳಕಿಗೆ ಹಿಡಿದಳು. ಗಂಟಿಗೆ ಹೊಟ್ಟೆಯಿತ್ತು. ಹೊಟ್ಟೆಯ ಮೇಲೆ, ಉಗುರಿನಿಂದ ಎಬ್ಬಿಸಲಾರದಷ್ಟು ಚಿಕ್ಕ ಮುಚ್ಚಳವಿತ್ತು.

ಮತ್ತೊಂದು ಸಿಕ್ಕಿತು. ಇನ್ನೊಂದು. ಕೆಂಪು ನೂಲಿಗೆ ಸುತ್ತಿಕೊಂಡಿದ್ದು, ಯೂನಿಫಾರ್ಮಿನ ನೀಲಿ ನೂಲಿನೊಳಗೆ ಸಿಕ್ಕಿಹಾಕಿಕೊಂಡಿದ್ದು. ಎಲ್ಲವನ್ನೂ ಪೇಪರಿನ ಬಿಳಿ ಜಾಗದಲ್ಲಿ ಸಾಲಾಗಿ ಇಟ್ಟು, ಎದ್ದು ಕಿಟಕಿಯ ಹತ್ತಿರ ಹೋದಳು.

ಎಲೆಗಳನ್ನು ಒಂದೊಂದಾಗಿ ತಿರುಗಿಸಿ ತುದಿ ನೋಡಿದಳು. ಪ್ರತಿ ಎಲೆಯ ನಡುನರ ತುದಿ ದಾಟಿ ನೂಲಿನ ಹಾಗೆ ಮುಂದೆ ಹೊರಟಿತ್ತು. ಹೊರಟದ್ದು ಅಲ್ಲೇ ನಿಂತಿತ್ತು. ನಿಂತ ಕಡೆ ಓರೆಯಾಗಿ, ನುಣ್ಣಗೆ ಕತ್ತರಿಸಿದ ಗುರುತು. ಆ ಕೈ ಯಾರದೆಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ಈ ಬೀದಿಯಲ್ಲಿ ಅಷ್ಟು ನುಣ್ಣಗೆ ಕತ್ತರಿಸುವವರು ಇನ್ನೊಬ್ಬರಿಲ್ಲ.

ಹೂಜಿ ಹೂವಿನ ಹಾಗೆ ಕಾಂಡದಿಂದ ಬರುತ್ತದೆ ಎಂದೇ ಅವಳು ತಿಳಿದಿದ್ದಳು. ಎಲೆಯ ತುದಿಯ ಆ ನೂಲೇ ಬೆಳೆದು, ಬಾಗಿ, ಉಬ್ಬಿ ಹೂಜಿಯಾಗುತ್ತದೆ ಎಂದು ಹೇಳುವವರು ಹೇಳಿರಲಿಲ್ಲ, ಅವಳೂ ಕೇಳಿರಲಿಲ್ಲ. ಗಿಡ ಹಿಂದಿನ ಕೋಣೆಯಲ್ಲಿದ್ದಷ್ಟು ಕಾಲ ಅವಳ ಕೈಗೆ ಎಟುಕುತ್ತಿರಲಿಲ್ಲ. ಪಕ್ಕದಲ್ಲಿರಲಿ ಎಂದು ತಂದಿಟ್ಟುಕೊಂಡ ದಿನದಿಂದಲೇ ಶುರುವಾಗಿತ್ತು. ಮಿಷಿನ್ ಮುಂದೆ ಕೂತು ಹುಡುಗಿ ಈ ಹೊತ್ತಿಗೆ ಏನು ಮಾಡುತ್ತಿರಬಹುದು ಎಂದು ಯೋಚಿಸುವಾಗ, ಕೈ ತನ್ನ ಪಾಡಿಗೆ ತಾನು ಗಿಡವನ್ನು ನೀಟು ಮಾಡುತ್ತಿತ್ತು.

ಇಸ್ತ್ರಿಯಣ್ಣನಿಗೆ ಹೇಳಿದಳು. ಅವನು ಮೆಟ್ಟಿಲ ಮೇಲೆ ಕೂತು ನಕ್ಕ, ಕಣ್ಣಲ್ಲಿ ನೀರು ಬರುವಷ್ಟು. "ಬ್ಯಾಟರಿ ನೀರು, ಟವೆಲ್ಲು, ನನ್ನ ಹಬೆ! ಆ ಪಕ್ಕದ ಮನೆಯಾಕೆ ಹತ್ರ ಬೈಗುಳ ಬೇರೆ!"

"ನಗು, ನಗು."

"ಕತ್ತರಿ ಕೊರಳಿಂದ ತೆಗೀರಿ ಅಕ್ಕ. ಇಲ್ಲಾಂದ್ರೆ ಒಂದಿನ ನನ್ನ ಮೀಸೇನೂ ಹೋಗುತ್ತೆ."

ಅವನು ಇಳಿದುಹೋದ ಮೇಲೆ ಕತ್ತರಿಯನ್ನು ಕೊರಳಿಂದ ತೆಗೆದು ಬಾಗಿಲ ಪಕ್ಕದ ಮೊಳೆಗೆ ಹಾಕಿದಳು. ಬೇಕಾದಾಗ ಎದ್ದು ಹೋಗಿ ತರಬೇಕು. ಮೊಣಕಾಲು ನೋವಿನವಳಿಗೆ ಅದೇ ತಕ್ಕ ಕಾವಲು.

ಮುಂದಿನ ಎಲೆ ಸುರುಳಿ ಬಿಚ್ಚಿತು. ತುದಿಯಲ್ಲಿ ನೂಲು, ನೂಲಿನ ತುದಿಯಲ್ಲಿ ಕಂಡೂ ಕಾಣದ ಚುಕ್ಕಿ. ಹೊಲಿಯುತ್ತ ಕೂತಾಗ ಅದು ಕಣ್ಣಂಚಿನಲ್ಲೇ ತೂಗಾಡುತ್ತಿತ್ತು. ಮುಗಿಸದೆ ಬಿಟ್ಟ ಕೆಲಸದ ಹಾಗೆ ಕಾಡುತ್ತಿತ್ತು. ಕೈ ಎದೆಯ ಹತ್ತಿರ ಹೋಗಿ, ಕತ್ತರಿ ಸಿಗದೆ, ರವಿಕೆಯ ಗುಂಡಿ ಹಿಡಿದು ವಾಪಸು ಬರುತ್ತಿತ್ತು. ನೂಲು ಬೆರಳುದ್ದವಾಯಿತು, ಮೊದಲು ಕೆಳಗೆ ಜೋತು, ಆಮೇಲೆ ಯಾರೋ ಕರೆದ ಹಾಗೆ ತುದಿಯನ್ನು ಮೇಲಕ್ಕೆತ್ತಿತು. ತುದಿಯ ಚುಕ್ಕಿ ಹಿಗ್ಗಿತು. ಮೊದಲು ಇಸ್ತ್ರಿ ಹಾಕಿ ಮಡಿಸಿಟ್ಟ ಹಾಗೆ ಚಪ್ಪಟೆಯಾಗಿತ್ತು, ಬರಬರುತ್ತ ಒಳಗಿನಿಂದ ಗಾಳಿ ತುಂಬಿದಂತೆ ಉಬ್ಬಿತು. ಮುಚ್ಚಳ ಮಾತ್ರ ಬಾಯಿಗೆ ಬಿಗಿಯಾಗಿ ಅಂಟಿಕೊಂಡಿತ್ತು, ಹೊಲಿಗೆ ಎಲ್ಲಿ ಹಾಕಿದೆ ಎಂದು ಹುಡುಕಿದರೂ ಕಾಣದ ಹಾಗೆ.

ಒಂದು ಬೆಳಿಗ್ಗೆ ನೋಡುವಾಗ ಅದು ತೆರೆದಿತ್ತು. ಒಳಗೆ ಇಣುಕಿದಳು. ಆಗಷ್ಟೇ ತೆರೆದ ಹೂಜಿಯ ತಳದಲ್ಲಿ ತಿಳಿಯಾದ ನೀರು. ಮಳೆ ಬಂದಿರಲಿಲ್ಲ, ಅವಳೂ ಹಾಕಿರಲಿಲ್ಲ. ಮುಚ್ಚಿಕೊಂಡಿದ್ದಾಗಲೇ ತನಗೆ ಬೇಕಾದ್ದನ್ನು ತಾನು ಕೂಡಿಟ್ಟುಕೊಂಡಿತ್ತು.

ಭಾನುವಾರದವರೆಗೆ ಕಾಯಲಾಗಲಿಲ್ಲ. ಅವಳೇ ಫೋನ್ ಮಾಡಿದಳು. ಹುಡುಗಿ ಕೆಲಸದಲ್ಲಿದ್ದಳು, ಹಿಂದೆ ಯಾವುದೋ ಯಂತ್ರ ಗುಂಯ್‌ಗುಡುತ್ತಿತ್ತು.

"ಬಂತು ಕಣೆ," ಎಂದಳು ಟೈಲರಮ್ಮ.

"ಏನು ಬಂತು ಆಂಟಿ?"

ಟೈಲರಮ್ಮ ಹೂಜಿಯ ಕೆಂಪು ಅಂಚನ್ನೇ ನೋಡುತ್ತ ನಿಂತಳು.

"ಓ, ಹೂಜಿನಾ!" ಎಂದಳು ಹುಡುಗಿ ಆಮೇಲೆ. "ಹೌದಾ? ಸೂಪರ್ ಆಂಟಿ. ಸ್ಯಾಂಪಲ್ ಬಂದಿದೆ, ಆಮೇಲೆ ಮಾಡ್ಲಾ?"

"ಮಾಡು, ಮಾಡು." ಮೊದಲ ಬಾರಿಗೆ ಆ ಕಡೆಯಿಂದ ಫೋನ್ ಇಟ್ಟ ಸದ್ದು ಕೇಳಿಸಿತು.

ಹುಡುಗಿ ಬಂದದ್ದು ಹಳೆಯ ಲ್ಯಾಬಿನಿಂದ ಒಂದು ಸರ್ಟಿಫಿಕೇಟ್ ಪಡೆಯಲು. ಬೆಳಗಿನ ಬಸ್ಸಿಗೆ ಬಂದು ಆ ಕೆಲಸ ಮುಗಿಸಿ, ಮಧ್ಯಾಹ್ನ ಮೆಟ್ಟಿಲು ಹತ್ತಿದಳು. ಕೂದಲು ಗಿಡ್ಡ ಮಾಡಿಸಿದ್ದಳು, ಸ್ವಲ್ಪ ತೆಳ್ಳಗಾಗಿದ್ದಳು. ಸಂಜೆಯ ಬಸ್ಸಿಗೆ ಟಿಕೆಟ್ ಆಗಿತ್ತು. ಊಟ ಮಾಡುತ್ತ ಹೊಸ ಮನೆಯ ಬಗ್ಗೆ, ಜೊತೆಗಿರುವ ಗೆಳತಿಯ ಗೊರಕೆಯ ಬಗ್ಗೆ ಹೇಳಿದಳು. ಟೈಲರಮ್ಮ ಎದುರಿಗೆ ಕೂತು ಅವಳ ತೋಳಿನ ಹೊಲಿಗೆ ಬಿಚ್ಚಿದ್ದನ್ನು ನೋಡುತ್ತಿದ್ದಳು. ತೆಗೆದುಕೊಡು, ಹಾಕಿಕೊಡುತ್ತೇನೆ ಎನ್ನುವಷ್ಟು ಸಮಯವೂ ಇರಲಿಲ್ಲ.

ಕೈ ತೊಳೆದು ಕಿಟಕಿಯ ಹತ್ತಿರ ಬಂದ ಹುಡುಗಿ ಗಿಡ ನೋಡಿ ನಿಂತುಬಿಟ್ಟಳು. "ಆಂಟಿ, ಇದು ನನ್ನೆತ್ತರ ಆಗಿದೆಯಲ್ಲ! ಯಾಕೆ ಒಂದೇ ಹೂಜಿ?"

ಟೈಲರಮ್ಮ ನೂಲಿನ ಕತೆ ಹೇಳಿದಳು. ಹುಡುಗಿ ಬಗ್ಗಿ, ಹೊಟ್ಟೆ ಹಿಡಿದುಕೊಂಡು ನಕ್ಕಳು. ಕೆಳಗಿನಿಂದ ಇಸ್ತ್ರಿಯಣ್ಣ, "ಹೇಳಿದ್ರಾ ಅಕ್ಕ?" ಎಂದು ಕೂಗಿದ. ಒಂದು ಗಳಿಗೆ ಮನೆ ಹಿಂದಿನ ಹಾಗೇ ಇತ್ತು.

"ಇವತ್ತಿನ ರಿಪೋರ್ಟ್ ಏನು?" ಎಂದು ಟೈಲರಮ್ಮ ಕೇಳಿದಳು.

ಹುಡುಗಿ ಮೊಬೈಲಿನ ಬೆಳಕು ಬಿಟ್ಟು ಇಣುಕಿದಳು. "ಒಂದು ಇರುವೆ. ಈಜ್ತಾ ಇದೆ." ಆಮೇಲೆ ಬೆಳಕು ಆರಿಸಿ, ಎಲೆಯೊಂದನ್ನು ಸವರುತ್ತ ಹೇಳಿದಳು. "ಇದು ಇಲ್ಲೇ ಇರ್ಲಿ ಆಂಟಿ. ಅಲ್ಲಿ ಇಬ್ರೂ ಇಡೀ ದಿನ ಹೊರಗಿರ್ತೀವಿ, ಯಾರು ನೋಡ್ಕೋತಾರೆ. ಇಷ್ಟು ದೊಡ್ಡದನ್ನ ಬಸ್ಸಲ್ಲಿ ಹೇಗೆ ಒಯ್ಯೋದು. ನಿಮಗೂ ಒಂದು ಜೊತೆ ಇದ್ದ ಹಾಗಾಗುತ್ತೆ."

ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಗಿಡ ಒಯ್ದುಬಿಡುತ್ತಾಳೆ ಎಂದು ಹೆದರಿದ್ದವಳಿಗೆ ಈಗ ಗಿಡ ಪೂರ್ತಿ ತನ್ನದು. ಟೈಲರಮ್ಮ ಅಳತೆ ತೆಗೆದುಕೊಳ್ಳುವಾಗ ನೋಡುವ ಹಾಗೆ ಹುಡುಗಿಯನ್ನು ಒಮ್ಮೆ, ಗಿಡವನ್ನು ಒಮ್ಮೆ ನೋಡಿದಳು. ಇವಳ ವಸ್ತು ಒಂದೂ ಈ ಮನೆಯಲ್ಲಿ ಉಳಿಯದಿದ್ದರೆ ಇವಳು ಇಲ್ಲಿಗೆ ಬರುವುದಿಲ್ಲ. ಎಲ್ಲವೂ ಇಲ್ಲೇ ಉಳಿದರೆ, ಅದರ ಬಗ್ಗೆ ಕೇಳಲೂ ಮರೆಯುತ್ತಾಳೆ.

"ಇಡೀ ಗಿಡ ಬೇಡ," ಎಂದಳು. "ಒಂದು ತುಂಡು ಒಯ್ಯಿ. ನಿನಗೆ ಅದು ಬಂದದ್ದೂ ತುಂಡಾಗಿಯೇ ಅಲ್ವಾ."

"ಬೇರು ಬರ್ಬೇಕಲ್ಲ ಆಂಟಿ. ಬಂದ್ರೆ ಬಂತು, ಇಲ್ಲಾಂದ್ರೆ ಇಲ್ಲ."

"ಬಂದಾಗ ಬರ್ಲಿ. ಎಲ್ಲಿ ಕತ್ತರಿಸ್ಬೇಕು, ನೀನೇ ಗುರುತು ಹಾಕು. ಗುರುತಿಲ್ಲದೆ ಇನ್ನು ನಾನು ಕತ್ತರಿ ಇಡಲ್ಲ."

ಡ್ರಾಯರಿನಿಂದ ಹೊಲಿಗೆಯ ಚಾಕ್ ತೆಗೆದು ಕೊಟ್ಟಳು. ಹುಡುಗಿ ಕಾಂಡದ ಗಿಣ್ಣುಗಳನ್ನು ಬೆರಳಿನಿಂದ ಮುಟ್ಟಿ ನೋಡಿ, ಒಂದರ ಕೆಳಗೆ ಬಿಳಿ ಗೆರೆ ಎಳೆದಳು. ಹೂಜಿ ಇದ್ದದ್ದು ಗೆರೆಯ ಮೇಲ್ಭಾಗದ ಎಲೆಗೆ. ಕೆಳಗೆ ಉಳಿಯುವುದೆಲ್ಲ ತುದಿ ಕತ್ತರಿಸಿಕೊಂಡ ಹಳೆಯ ಎಲೆಗಳು. ಹುಡುಗಿಗೂ ಅದು ಹೊಳೆಯಿತು. "ಇನ್ನೂ ಮೇಲೆ ಹಾಕ್ಲಾ? ಹೂಜಿ ನಿಮಗಿರುತ್ತೆ."

"ಹಾಕಿದ ಗೆರೆ ಬದಲಿಸಿದ್ರೆ ಬಟ್ಟೆ ಕೆಡುತ್ತೆ," ಎಂದು ಟೈಲರಮ್ಮ ಬಾಗಿಲ ಹತ್ತಿರ ಹೋಗಿ ಮೊಳೆಯಿಂದ ಕತ್ತರಿ ತಂದಳು. ಗೆರೆಯ ಮೇಲೆ ಇಟ್ಟು ಒಂದೇ ಸಲಕ್ಕೆ ಕತ್ತರಿಸಿದಳು.

ತುಂಡಿನ ಬುಡಕ್ಕೆ ಒದ್ದೆ ಪಾಚಿ ಸುತ್ತಿ, ಪ್ಲಾಸ್ಟಿಕ್ ಕವರಿನಲ್ಲಿಟ್ಟು, ಹೂಜಿಗೆ ಪೆಟ್ಟಾಗದ ಹಾಗೆ ಬಟ್ಟೆ ಚೂರು ಒತ್ತಿ ಕೊಟ್ಟಳು. ನೀಲಿ ದಿಂಬನ್ನೂ ಕೊಟ್ಟಳು. ಹುಡುಗಿ ದಿಂಬನ್ನು ಒತ್ತಿ ನೋಡಿ, "ಒಳಗೆ ಹೂಜಿ ಇಲ್ಲ ತಾನೇ?" ಎಂದು ಕೇಳಿ, ಮೆಟ್ಟಿಲು ಇಳಿದಳು. ಕಿಟಕಿಯಿಂದ ನೋಡಿದರೆ ಬೀದಿಯ ತಿರುವಿನವರೆಗೆ ಕವರು ಕಾಣುತ್ತದೆ. ಅಷ್ಟು ದೂರ ಟೈಲರಮ್ಮ ನೋಡಿದಳು.

ಕೆಲವು ವಾರ ಕಿಟಕಿಯಲ್ಲಿ ಇದ್ದದ್ದು ಒಂದು ಮೋಟು ಕಾಂಡ, ಅದರ ಮೇಲೆ ಅಲ್ಲಿ ಇಲ್ಲಿ ಎಲೆ. ಹಿಂದಿನ ಕೋಣೆಯ ಗೋಡೆಗೆ ತೇವ ಹಿಡಿದಿದೆ ಎಂದು ಹೇಳುವುದನ್ನೂ ಟೈಲರಮ್ಮ ನಿಲ್ಲಿಸಲಿಲ್ಲ. ಭಾನುವಾರದ ಫೋನು ಒಮ್ಮೆ ಬಂತು, ಒಮ್ಮೆ ಬರಲಿಲ್ಲ. ಬರದಿದ್ದ ಭಾನುವಾರ ಅವಳು ಮಿಷಿನ್ ತುಳಿಯುತ್ತಲೇ ಇದ್ದಳು. ತುರ್ತಿನ ಕೆಲಸವೇನೂ ಇರಲಿಲ್ಲ.

ಆಮೇಲೆ ಮೋಟು ಕಾಂಡದ ಬದಿಯಲ್ಲಿ ಹಸಿರು ಮೊಳಕೆಯೊಂದು ಕಣ್ಣು ಬಿಟ್ಟಿತು. ಅದು ಚಿಕ್ಕ ಎಲೆಯಾಯಿತು. ಎಲೆಯ ತುದಿ ನೂಲಾಗಿ ಹೊರಟಿತು. ಆ ಭಾನುವಾರ ಊಟದ ತಟ್ಟೆ ತೊಳೆದಿಟ್ಟು, ಟೈಲರಮ್ಮ ತಾನೇ ಫೋನ್ ಮಾಡಿದಳು.

ಊಟ ಆಯ್ತಾ ಎಂದು ಕೇಳಿದಳು. ಗೆಳತಿಯ ಗೊರಕೆ ಕಡಿಮೆಯಾಯಿತಾ ಎಂದು ಕೇಳಿದಳು. ಕಡೆಗೆ ಕೇಳಿದಳು, "ಬೇರು ಬಂತಾ ಕಣೆ?"

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.

"ಬರ್ತಾ ಇದೆ ಆಂಟಿ," ಎಂದಳು ಹುಡುಗಿ.

ಆ ಸ್ವಲ್ಪ ಹೊತ್ತು ಟೈಲರಮ್ಮನಿಗೆ ಚೆನ್ನಾಗಿ ಗೊತ್ತು. ತುಂಡು ಬಾಡಿರಬಹುದು, ಬುಡ ಕೊಳೆತಿರಬಹುದು, ಕಸದ ಬುಟ್ಟಿಗೂ ಹೋಗಿರಬಹುದು. ಹುಡುಗಿ ತಿರುಗಿ ತನ್ನ ದೊಡ್ಡ ಕಿಟಕಿಯ ಕಡೆ ನೋಡಿದಳೋ, ನೋಡಲು ಅಲ್ಲಿ ಏನಾದರೂ ಉಳಿದಿದೆಯೋ, ಇಲ್ಲಿಂದ ಕಾಣುವುದಿಲ್ಲ. ಹೋಗಿದ್ದರೂ ಪರವಾಗಿಲ್ಲ. ಇಲ್ಲಿಯ ಈ ಮೊಳಕೆ ಉದ್ದವಾದಾಗ ಇನ್ನೊಂದು ಗೆರೆ ಎಳೆಯಲು ಯಾರಾದರೂ ಬರಬೇಕಾಗುತ್ತದೆ.

"ಬರ್ಲಿ ಬಿಡು," ಎಂದಳು. "ಅದಕ್ಕೆ ಅವಸರ ಮಾಡಬಾರದು."

"ಹೂಂ ಆಂಟಿ."

ಇಡ್ಲಾ ಎಂದು ಕೇಳುವ ಜಾಗ ಇದೇ. ಟೈಲರಮ್ಮ ಕೇಳಲಿಲ್ಲ. ಆ ಕಡೆಯ ಮನೆಯಲ್ಲಿ ಯಾರೋ ಪಾತ್ರೆ ಜೋಡಿಸುತ್ತಿದ್ದರು, ಹೊರಗೆ ಗಾಡಿಯೊಂದು ಹೋಯಿತು. ಈ ಕಡೆ ಕಿಟಕಿಯಲ್ಲಿ ಎಲೆಯ ತುದಿಯ ನೂಲು ಗಾಳಿಗೆ ತೂಗಾಡಿತು. ಅವಳ ಕೈ ಎದೆಯ ಹತ್ತಿರ ಹೋಗಿ ಅಲ್ಲೇ ನಿಂತಿತು.

"ಆಂಟಿ? ಇದ್ದೀರಾ?"

"ಇದ್ದೀನಿ ಕಣೆ," ಎಂದಳು.